ಘಾಟಿ ಹತ್ತುವಾಗ ಕಾರು ಬಿಸಿಯಾಗುತ್ತದೆ. 0.9 ರೇಡಿಯೇಟರ್ ಕ್ಯಾಪ್ ತೆಗೆದು 1.1 ಹಾಕಬಹುದೇ?

ಹಾಕಬೇಡಿ. 0.9, 1.1 ಅನ್ನುವುದು ಕ್ಯಾಪ್ ಎಷ್ಟು ಒತ್ತಡ ಹಿಡಿಯುತ್ತದೆ ಅನ್ನುವ ಸಂಖ್ಯೆ. ಘಾಟಿಯಲ್ಲಿ ಬಿಸಿ ತೋರಿಸುವ ಮುಳ್ಳು ಏರುತ್ತದೆ, ರೇಡಿಯೇಟರ್ ಪಕ್ಕದ ಬಾಟಲಿಯಲ್ಲಿ ಕೂಲಂಟ್ (ಎಂಜಿನ್ನಿನ ಶಾಖ ಹೊತ್ತೊಯ್ಯುವ ದ್ರವ) ತುಂಬಿಯೇ ಇದೆ, ಹಾಗಾಗಿ ಗಟ್ಟಿ ಕ್ಯಾಪ್ ಹಾಕಿದರೆ ಸರಿಹೋಗಬಹುದು ಅಂತ ಬರೆದಿದ್ದೀರಿ. ಆ ‘ಬಾಟಲಿ ತುಂಬಿಯೇ ಇದೆ’ ಅನ್ನುವ ಮಾತು ಓದಿದ ಕೂಡಲೇ ನನಗೆ ಶಿರಾಡಿ ಘಾಟಿಯ ಬುಡದ ಗುಂಡ್ಯ ನೆನಪಾಯಿತು.

ಮಂಗಳೂರಿನಿಂದ ಹಾಸನಕ್ಕೆ ವಾಪಸ್ ಬರುತ್ತಿದ್ದೆವು. ಹಳೇ ಪೆಟ್ರೋಲ್ ಕಾರು, ನಿಮ್ಮದರ ಹಾಗೇ ರೇಡಿಯೇಟರ್ ಮೇಲೇ ಕ್ಯಾಪ್ ಇರುವಂಥದ್ದು. ಹಿಂದಿನ ಸೀಟಲ್ಲಿ ಅಮ್ಮ, ಮಕ್ಕಳು. ಡಿಕ್ಕಿ ತುಂಬ ಸಾಮಾನು. ಗುಂಡ್ಯದಲ್ಲಿ ಚಹಾಕ್ಕೆ ನಿಲ್ಲಿಸಿ ಬಾನೆಟ್ ಎತ್ತಿದೆ. ಬಾಟಲಿಯಲ್ಲಿ ಹಸಿರು ಕೂಲಂಟ್ ಮ್ಯಾಕ್ಸ್ ಗೆರೆಗಿಂತ ಒಂದು ಬೆರಳು ಮೇಲೇ ಇತ್ತು. ಏನೂ ತೊಂದರೆ ಇಲ್ಲ ಅಂತ ಬಾನೆಟ್ ಮುಚ್ಚಿ ಶಿರಾಡಿ ಹತ್ತಿದೆ.

ಮುಂದೆ ಲಾರಿಗಳ ಸಾಲು. ಒಂದನೇ ಗೇರು, ಎರಡನೇ ಗೇರು, ಅಷ್ಟೇ. ಮುಳ್ಳು ಮುಕ್ಕಾಲು ದಾಟಿತು. ಎ.ಸಿ. ಆರಿಸಿ ಹೀಟರ್ ಹಾಕಿದೆ, ಎಂಜಿನ್ನಿನ ಶಾಖ ಒಂದಷ್ಟು ಒಳಗೆ ಬಂದು ಅದಕ್ಕೆ ಆರಾಮವಾಗಲಿ ಅಂತ. ಬಂದದ್ದು ತಣ್ಣನೆ ಗಾಳಿ. ಅದು ಯಾಕೆ ಅಂತ ಯೋಚಿಸುವಷ್ಟರಲ್ಲಿ ಮುಳ್ಳು ತಾನಾಗಿಯೇ ಕೆಳಗಿಳಿಯಿತು. “ನೋಡಮ್ಮ, ಸರಿಹೋಯ್ತು” ಅಂದೆ. ಮಾರನಹಳ್ಳಿಗೆ ಇನ್ನೂ ದೂರ ಇರುವಾಗಲೇ ಎಂಜಿನ್ ಕಟಕಟ ಅಂತು, ಪಿಕಪ್ ಸತ್ತಿತು, ಬಾನೆಟ್ ಸಂದಿಯಿಂದ ಹಬೆ ನುಗ್ಗಿತು.

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ನೀವೂ ಅದೇ ಬಾಟಲಿಯನ್ನು ನಂಬಿಕೊಂಡಿದ್ದೀರಿ. ಈ ಕ್ಯಾಪಿನಲ್ಲಿ ಎರಡು ವಾಲ್ವ್ ಇರುತ್ತವೆ. ದೊಡ್ಡ ಸ್ಪ್ರಿಂಗಿನದು ಒತ್ತಡ ಹಿಡಿಯುತ್ತದೆ. ಒತ್ತಡ ಮಿತಿ ಮೀರಿದರೆ ಮೇಲೆದ್ದು, ಹಿಗ್ಗಿದ ಕೂಲಂಟನ್ನು ಪಕ್ಕದ ಸಣ್ಣ ಪೈಪಿನ ಮೂಲಕ ಬಾಟಲಿಗೆ ಬಿಡುತ್ತದೆ. ಅದರ ನಡುವೆ ಇರುವ ಪುಟ್ಟ ವಾಲ್ವ್ ಎಂಜಿನ್ ಆರಿದಾಗ ಕೆಲಸ ಮಾಡುತ್ತದೆ. ಒಳಗೆ ಕುಗ್ಗಿದ ಜಾಗಕ್ಕೆ ಅದೇ ಕೂಲಂಟನ್ನು ಬಾಟಲಿಯಿಂದ ವಾಪಸ್ ಎಳೆದುಕೊಳ್ಳುತ್ತದೆ. ಕ್ಯಾಪಿನ ಮೇಲ್ಭಾಗದಲ್ಲಿ, ಬಾಯಿಯ ಅಂಚಿಗೆ ಕೂರುವ ಇನ್ನೊಂದು ರಬ್ಬರ್ ವಾಷರ್ ಇದೆ. ನನ್ನದು ಗಟ್ಟಿಯಾಗಿ ಸೀಳು ಬಿಟ್ಟಿತ್ತು. ಹಾಗಾಗಿ ಕೂಲಂಟ್ ಬಿಸಿಯಲ್ಲಿ ಹೊರಗೆ ಹೋಗುತ್ತಿತ್ತು, ಆರಿದಾಗ ವಾಪಸ್ ಬರುತ್ತಿರಲಿಲ್ಲ. ಆ ಸೀಳಿನಿಂದ ಬರೀ ಗಾಳಿ ಒಳಗೆ ಸೇರುತ್ತಿತ್ತು. ಪ್ರತಿ ಓಡಾಟಕ್ಕೂ ರೇಡಿಯೇಟರ್ ಒಂದಿಷ್ಟು ಖಾಲಿ, ಬಾಟಲಿ ಮಾತ್ರ ಭರ್ತಿ. ಬಾಟಲಿ ಮ್ಯಾಕ್ಸ್ ಗೆರೆಗಿಂತ ಮೇಲಿದ್ದದ್ದೇ ಕಾಯಿಲೆಯ ಗುರುತು. ನಾನು ಅದನ್ನು ಆರೋಗ್ಯ ಅಂದುಕೊಂಡೆ. ಮಂಗಳೂರಿನಲ್ಲಿ ಬೆಳಿಗ್ಗೆ ತಣ್ಣಗಿರುವಾಗ ಕ್ಯಾಪ್ ತೆಗೆದು ರೇಡಿಯೇಟರ್ ಒಳಗೇ ಇಣುಕಿದ್ದರೆ ಸಾಕಿತ್ತು. ಬಾಯಿವರೆಗೆ ಕಾಣಬೇಕಾದ ಕೂಲಂಟ್ ಕಾಣುತ್ತಿರಲಿಲ್ಲ.

ಹೀಟರಿನಲ್ಲಿ ತಣ್ಣನೆ ಗಾಳಿ ಬಂದದ್ದೂ ಅದಕ್ಕೇ, ಅದಕ್ಕೆ ಹರಿಯಲು ಕೂಲಂಟೇ ಇರಲಿಲ್ಲ. ಮುಳ್ಳು ಇಳಿದದ್ದೂ ಅದಕ್ಕೇ. ಸೆನ್ಸರ್ ಕೂಲಂಟಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾದ ಲೆಕ್ಕ ಕೊಡುತ್ತದೆ, ಗಾಳಿಯಲ್ಲಿ ನಿಂತರೆ ಕಡಿಮೆ ತೋರಿಸಬಹುದು. ಬಿಸಿಯಾದ ಕಾರಿನ ಮುಳ್ಳು ಏರಿನಲ್ಲಿ ಕಾರಣವಿಲ್ಲದೆ ಇಳಿದರೆ ಆ ಕ್ಷಣವೇ ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಿ.

ಹಬೆ ನೋಡಿ ಲಾರಿ ನಿಲ್ಲಿಸಿದ ಡ್ರೈವರ್ ಒಬ್ಬರು ನಾನು ಬಟ್ಟೆ ಹಿಡಿದು ಬಗ್ಗುತ್ತಿದ್ದದ್ದನ್ನು ನೋಡಿ ಕೂಗಿದರು: “ಅಣ್ಣಾ, ಕ್ಯಾಪಿಗೆ ಕೈ ಹಾಕ್ಬೇಡಿ! ಮಕ್ಳನ್ನ ದೂರ ಕೂರ್ಸಿ, ಪೂರ್ತಿ ತಣ್ಣಗಾಗ್ಲಿ.” ಅವರ ಆ ಮಾತಿನಿಂದ ನನ್ನ ಮುಖ ಉಳಿಯಿತು. ಒತ್ತಡದಲ್ಲಿರುವ ನೀರು ನೂರು ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ, ಕ್ಯಾಪ್ ಸಡಿಲವಾದ ಕ್ಷಣ ಅಷ್ಟೂ ಒಟ್ಟಿಗೆ ಕುದಿದು ಮೇಲೆ ಹಾರುತ್ತದೆ. ಕುದಿಯುತ್ತಿರುವ ಎಂಜಿನ್ನಿಗೆ ತಣ್ಣೀರು ಸುರಿಯುವುದನ್ನೂ ಅವರೇ ತಡೆದರು, ಎಂಜಿನ್ನಿನ ಮೇಲ್ಭಾಗದ ಹೆಡ್ ಸೀಳಿಬಿಡಬಹುದು.

ಸಕಲೇಶಪುರಕ್ಕೆ ಕಾರನ್ನು ಎಳೆಸಿಕೊಂಡು ಹೋದೆವು. ಗ್ಯಾರೇಜಿನವರು ಎಂಜಿನ್ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ನನ್ನ ಮುಂದೆ ಹಿಡಿದರು. ಒಳಗೆ ಹಾಲು ಜಾಸ್ತಿಯಾದ ಕಾಫಿಯಂಥ ನೊರೆ. ಹೆಡ್ಡಿನ ಕೆಳಗೆ ಕೂರುವ ಗ್ಯಾಸ್ಕೆಟ್ ಹೋಗಿ ಆಯಿಲ್, ನೀರು ಬೆರೆತಿತ್ತು. ಅಲ್ಯೂಮಿನಿಯಂ ಹೆಡ್ ಬಾಗಿತ್ತು, ಲೇತಿಗೆ ಕಳಿಸಿ ಮತ್ತೆ ಸಮತಟ್ಟು ಮಾಡಿಸಬೇಕಾಯಿತು. ಇನ್ನೂರು ಮುನ್ನೂರು ರೂಪಾಯಿಯ ಕ್ಯಾಪಿಗೆ ಬದಲಾಗಿ ಇಪ್ಪತ್ತು ಸಾವಿರಕ್ಕೂ ಮೇಲೆ ಹೋಯಿತು.

ಈಗ ನಿಮ್ಮ 1.1. ಕ್ಯಾಪ್ ಎಂಜಿನ್ನನ್ನು ತಣ್ಣಗೆ ಮಾಡುವುದಿಲ್ಲ. ಕುದಿಯುವ ಬಿಂದುವನ್ನು ಮೇಲಕ್ಕೆ ತಳ್ಳುತ್ತದೆ, ಅಷ್ಟೇ. ತೆರೆದ ಪಾತ್ರೆಯಲ್ಲಿ ಮಂಗಳೂರಿನಲ್ಲಿ ನೂರಕ್ಕೆ, ಸಕಲೇಶಪುರದ ಎತ್ತರದಲ್ಲಿ ಸುಮಾರು 97ಕ್ಕೆ ಕುದಿಯುವ ನೀರು, 0.9 ಕ್ಯಾಪಿನಡಿ ಸಮುದ್ರಮಟ್ಟದಲ್ಲಿ ಸುಮಾರು 118ರವರೆಗೆ ತಡೆಯುತ್ತದೆ. 1.1 ಹಾಕಿದರೆ 121ರ ಆಸುಪಾಸು. ಲಾಭ ಮೂರು ಡಿಗ್ರಿ. ಅರ್ಧಕ್ಕರ್ಧ ಕೂಲಂಟ್ ಬೆರೆಸಿದರೆ ಅದರ ಎರಡು ಪಟ್ಟು ಲಾಭ ಹೇಗೂ ಸಿಗುತ್ತದೆ. ಆ ಮೂರು ಡಿಗ್ರಿಗಾಗಿ ಹಳೇ ಹೋಸ್ ಪೈಪು, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕಿನ ಅಂಚು, ಹೀಟರ್ ಎಲ್ಲವೂ ಹೆಚ್ಚಿನ ಒತ್ತಡ ತಿನ್ನಬೇಕು. ಕಂಪನಿ ಕೊಟ್ಟ ಸಂಖ್ಯೆ ಆ ಭಾಗಗಳನ್ನೆಲ್ಲ ಲೆಕ್ಕ ಹಾಕಿ ಕೊಟ್ಟದ್ದು. ಅದೇ ಸಂಖ್ಯೆಯ, ಅದೇ ಅಳತೆಯ ಕ್ಯಾಪ್ ತನ್ನಿ. ಬಾಯಿಗೆ ಕೂತರೆ ಸಾಲದು, ಒಳಗಿನ ಸ್ಪ್ರಿಂಗಿನ ಉದ್ದ ಕಡಿಮೆಯಾದರೆ ಒತ್ತಡ ಹಿಡಿಯುವ ಕೆಳಗಿನ ವಾಷರ್ ತನ್ನ ಜಾಗಕ್ಕೆ ಒತ್ತುವುದೇ ಇಲ್ಲ.

ನಾಳೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮೊದಲು ಕ್ಯಾಪ್ ಒತ್ತಿ ತಿರುಗಿಸಿ ತೆಗೆಯಿರಿ. ರೇಡಿಯೇಟರ್ ಬಾಯಿವರೆಗೆ ತುಂಬಿದೆಯೇ ನೋಡಿ. ಕ್ಯಾಪ್ ಒರೆಸಿ, ಎರಡೂ ವಾಷರ್ ಬೆರಳಲ್ಲಿ ಬಗ್ಗಿಸಿ. ಮೆತ್ತಗಿರಬೇಕು, ಅಂಚು ಉದ್ದಕ್ಕೂ ಅಖಂಡವಾಗಿರಬೇಕು. ನಡುವಿನ ಪುಟ್ಟ ವಾಲ್ವನ್ನು ಉಗುರಿನಲ್ಲಿ ಎಳೆದು ಬಿಟ್ಟರೆ ಟಕ್ ಅಂತ ವಾಪಸ್ ಕೂರಬೇಕು. ಅದು ಅಂಟಿಕೊಂಡಿದ್ದರೆ ಎಂಜಿನ್ ಆರಿದ ಮೇಲೆ ಮೇಲಿನ ಹೋಸ್ ಪೈಪು ಚಪ್ಪಟೆಯಾಗಿರುತ್ತದೆ, ಅದನ್ನೂ ಗಮನಿಸಿ. ಬೋರ್‌ವೆಲ್ ನೀರು ಹಾಕುವ ಅಭ್ಯಾಸ ಇದ್ದರೆ ಬಾಯಿಯ ಒಳಗಿನ ಅಂಚಿಗೆ ಬಿಳಿ ಉಪ್ಪು ಕಟ್ಟಿರುತ್ತದೆ. ಅದರ ಮೇಲೆ ಎಷ್ಟು ಹೊಸ ಕ್ಯಾಪ್ ಹಾಕಿದರೂ ಸೋರುತ್ತದೆ. ಕೂಲಂಟಿನ ಜೊತೆ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಬೇಡ. ನನ್ನ ಕಾರಿನ ಕ್ಯಾಪನ್ನು ಎರಡು ಮೂರು ವರ್ಷಕ್ಕೊಮ್ಮೆ, ಚೆನ್ನಾಗಿ ಕಂಡರೂ, ಬದಲಾಯಿಸುತ್ತೇನೆ. ಬಿಸಿಗೆ ತಕ್ಕಂತೆ ಕೂಲಂಟಿನ ಹರಿವನ್ನು ತೆರೆದು ಮುಚ್ಚುವ ಥರ್ಮೋಸ್ಟ್ಯಾಟ್ ಕಿತ್ತುಹಾಕಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ, ಅದು ರೋಗಕ್ಕೆ ಔಷಧಿಯೇ ಅಲ್ಲ.

ಕ್ಯಾಪ್ ಸರಿ ಇದ್ದೂ ಬಿಸಿಯಾಗುತ್ತಿದ್ದರೆ ಫ್ಯಾನ್ ತಿರುಗುತ್ತಿದೆಯೇ, ರೇಡಿಯೇಟರ್ ಮುಂಭಾಗದಲ್ಲಿ ಹುಳ, ಕೆಸರು ಕಟ್ಟಿದೆಯೇ ನೋಡಿಸಿ. ಗ್ಯಾರೇಜಿನಲ್ಲಿ ಕೈಪಂಪಿನ ಪ್ರೆಷರ್ ಟೆಸ್ಟರ್ ಇದೆಯಾ ಅಂತ ಕೇಳಿ. ಕ್ಯಾಪನ್ನೂ ಪೂರ್ತಿ ಲೈನನ್ನೂ ಅದರಲ್ಲೇ ಪರೀಕ್ಷಿಸಬಹುದು. ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷಕ್ಕೇ ಮೇಲಿನ ಪೈಪು ಕಲ್ಲಿನಷ್ಟು ಗಟ್ಟಿಯಾದರೆ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು. ಹಾಗಿದ್ದರೆ ಗಾಡಿಯನ್ನು ಘಾಟಿಗೆ ಒಯ್ಯಬೇಡಿ, ಮೊದಲು ಬಿಚ್ಚಿಸಿ.