ಐದನೇ ಪುಸ್ತಕದ ಸಿಟ್ಟು

ಶಿರಸಿ ಹತ್ತಿರದ ತಾಯಿಯೊಬ್ಬರ ಪತ್ರ ಬಂದಿದೆ. 13 ವರ್ಷದ ಮಗಳು, ಮಂತ್ರವಿದ್ಯೆ ಕಲಿಯುವ ಹುಡುಗನ ಕತೆ ಹೇಳುವ ಹ್ಯಾರಿ ಪಾಟರ್ ಸರಣಿ ಓದುತ್ತಿದ್ದಾಳೆ. ಮೊದಲ ಪುಸ್ತಕಗಳು ಮುದ್ದಾಗಿದ್ದವು. ಐದನೆಯದಕ್ಕೆ ಬರುವಷ್ಟರಲ್ಲಿ ಹುಡುಗ ಕಂಡಕಂಡವರ ಮೇಲೆ ಹರಿಹಾಯುತ್ತಾನೆ, ದೊಡ್ಡವರಿಗೆ ಎದುರಾಡುತ್ತಾನೆ, ಮಗಳೂ ಹಾಗೇ ಆಗಿದ್ದಾಳೆ ಎಂದು ಅವರ ದೂರು. ಪುಸ್ತಕ ಕಸಿದಿಡಲೇ ಅಂತ ಕೇಳಿದ್ದಾರೆ.

ಸಂಪಾದಕರ ಉತ್ತರ:

ನಮಸ್ಕಾರ ಅಕ್ಕಾ. 13ಕ್ಕೆ ಎದುರು ಮಾತು ಕಲಿಯಲು ಪುಸ್ತಕ ಬೇಕಿಲ್ಲ. ನಾವೆಲ್ಲ ಪುಸ್ತಕ ಇಲ್ಲದೆಯೇ ಕಲಿತವರು.

ಆದರೆ ನೀವು ಗಮನಿಸಿದ್ದು ಸರಿ. 1997ರಲ್ಲಿ ಬಂದ ಮೊದಲ ಪುಸ್ತಕದಲ್ಲಿ ಹ್ಯಾರಿಗೆ 11. ಏಳನೆಯದು 2007ರಲ್ಲಿ ಬಂತು, ಅದರಲ್ಲಿ 17. ಪುಸ್ತಕಕ್ಕೊಂದು ವರ್ಷ. ಐದನೆಯದು ಎಲ್ಲಕ್ಕಿಂತ ದಪ್ಪ. (ಉದ್ದ ಜಾಸ್ತಿಯೇ ಆಯಿತು. ನೂರು ಪುಟ ಕತ್ತರಿಸೋಣ ಅಂತ ನನ್ನ ಕೈ ತುರಿಸುತ್ತದೆ.) ಹುಡುಗನಿಗೆ ಸಿಟ್ಟು ಯಾಕೆ ಬಂತು ನೋಡಿ. ನಾಲ್ಕನೇ ಪುಸ್ತಕದ ಕೊನೆಯಲ್ಲಿ ಶಾಲೆಯ ಹುಡುಗನೊಬ್ಬ ಅವನ ಕಣ್ಣೆದುರೇ ಸತ್ತಿದ್ದಾನೆ. ಆಮೇಲೆ ರಜೆಯಲ್ಲಿ ಯಾರೂ ಅವನಿಗೆ ಏನೂ ಹೇಳುವುದಿಲ್ಲ. ಹಿಸ್ಸೆ ಮಾತು ಬಂದರೆ ನಮ್ಮಲ್ಲಿ ಮಕ್ಕಳನ್ನು ಜಗಲಿಯಿಂದ ಓಡಿಸುತ್ತೇವಲ್ಲ, ಹಾಗೆ.

ನಿಜವಾದ ಏಟು ಬೀಳುವುದು ಇನ್ನೂ ಮುಂದೆ. ಅಪ್ಪ ಜೇಮ್ಸ್ ತೀರಿಕೊಂಡಾಗ ಹ್ಯಾರಿ ಎಳೆ ಕೂಸು. ಅಪ್ಪನನ್ನು ಎಲ್ಲರೂ ಹೊಗಳುವವರೇ, ಸ್ನೇಪ್ ಮಾಸ್ತರರನ್ನು ಬಿಟ್ಟು. ಒಂದು ದಿನ ಹ್ಯಾರಿ ಕದ್ದು ಆ ಮಾಸ್ತರರ ನೆನಪಿನೊಳಗೆ ಇಣುಕುತ್ತಾನೆ. ಅಲ್ಲಿ ಪರೀಕ್ಷೆ ಮುಗಿಸಿ ನೀರಿನ ದಂಡೆಯಲ್ಲಿ ಕೂತ 15ರ ಅಪ್ಪ. ಗೆಳೆಯನಿಗೆ ಬೇಜಾರು ಬಂತು ಅಂತ, ಸುಮ್ನೆ, ಆಗ ಸಹಪಾಠಿಯಾಗಿದ್ದ ಅದೇ ಸ್ನೇಪ್‌ನನ್ನು ಗಾಳಿಯಲ್ಲಿ ತಲೆಕೆಳಗು ಮಾಡಿ ನೇತಾಡಿಸುತ್ತಾನೆ. ನಿಂತವರು ನಗುತ್ತಾರೆ. ಹ್ಯಾರಿ ಏನೋ ಉಪಾಯ ಮಾಡಿ ಅಪ್ಪನ ಹಳೇ ಗೆಳೆಯರನ್ನು ಹಿಡಿದು ಕೇಳುತ್ತಾನೆ. ಆಗ ಅವನಿಗೆ 15 ಅಲ್ವಾ ಅಂತಾರೆ ಅವರು. ನನಗೂ 15 ಅಂತಾನೆ ಹುಡುಗ.

ನನ್ನ ಲೆಕ್ಕದಲ್ಲಿ ಅವನು ದೊಡ್ಡವನಾಗಿದ್ದು ಇಲ್ಲೇ. ಡ್ರ್ಯಾಗನ್ ಎದುರಿಸಿದ್ದೆಲ್ಲ ಇದರ ಮುಂದೆ ಸಣ್ಣದು.

ನಮ್ಮ ಕಡೆಯವರಿಗೆ ಇದೇನು ಹೊಸತಲ್ಲ. ಯಕ್ಷಗಾನದಲ್ಲಿ ಬಭ್ರುವಾಹನ ಕಾಳಗ ನೋಡಿದ್ದೀರಲ್ಲ? ಅಪ್ಪ ಬಂದ ಅಂತ ಕಾಣಿಕೆ ಹೊತ್ತು ಬಂದ ಮಗನೆದುರು ಅರ್ಜುನ ಅವನ ತಾಯಿಯನ್ನೇ ಜರೆಯುತ್ತಾನೆ. ಅಲ್ಲೀತನಕ ಬಾಗಿ ಕೈಮುಗಿದಿದ್ದ ಮಗನ ಪುಂಡುವೇಷ ಮೆಲ್ಲಗೆ ನೆಟ್ಟಗಾಗುತ್ತದೆ. ಚಂಡೆ ಏರುತ್ತದೆ. ಚಿಕ್ಕಂದಿನಲ್ಲಿ ಎಷ್ಟೇ ತೂಕಡಿಸಿದರೂ ಅಷ್ಟು ಹೊತ್ತಿಗೆ ನನಗೆ ಎಚ್ಚರವಾಗುತ್ತಿತ್ತು. ಪಕ್ಕದಲ್ಲಿ ಕಂಬಳಿ ಹೊದ್ದು ಕೂತ ಅಪ್ಪ ಮಾತ್ರ ಆಗ ನನ್ನ ಮುಖ ನೋಡುತ್ತಿರಲಿಲ್ಲ. ಆದರೂ ಈ ಪ್ರಸಂಗ ಮಕ್ಕಳಿಗೆ ಬೇಡ ಅಂತ ಮನೆಯಲ್ಲಿ ಯಾರೂ ಅಂದವರಲ್ಲ.

ಬಭ್ರುವಾಹನನಿಗೆ ಒಂದು ಅನುಕೂಲ ಇತ್ತು. ಕೊಂದ ಅಪ್ಪನನ್ನು ನಾಗಲೋಕದ ಮಣಿ ತಂದು ಎಬ್ಬಿಸಬಹುದಿತ್ತು, ಜಗಳ ಮುಗಿಸಬಹುದಿತ್ತು. ಹ್ಯಾರಿಗೆ ಅಂಥ ಮಣಿ ಇಲ್ಲ. ಸತ್ತ ಅಪ್ಪನನ್ನು ಆ ತಪ್ಪಿನ ಸಮೇತ ಇಟ್ಟುಕೊಳ್ಳಬೇಕು.

ಕೊನೇ ಪುಸ್ತಕದಲ್ಲಿ ಇನ್ನೊಂದು ಜಾಗ ಇದೆ. ಆ ಮಂತ್ರವಾದಿಗಳಲ್ಲಿ 17 ತುಂಬಿದವರಿಗೆ ವಾಚು ಕೊಡುವ ಪದ್ಧತಿ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಪಾಸಾದರೆ ಎಚ್‌ಎಂಟಿ ಕೊಡಿಸುತ್ತಿದ್ದರಲ್ಲ, ಅಂಥದೇ. ಗೆಳೆಯನ ತಾಯಿ ಮಿಸೆಸ್ ವೀಸ್ಲಿ ಹ್ಯಾರಿಗೆ ಕೊಡುವುದು ತೀರಿಹೋದ ತನ್ನ ಸೋದರನ ವಾಚು. ಹೊಸದಲ್ಲ, ಹಿಂದುಗಡೆ ಸ್ವಲ್ಪ ನೆಗ್ಗಿದೆ ಅಂತ ಆಕೆಗೆ ಸಂಕೋಚ. ಮಾತು ಮುಗಿಯುವ ಮೊದಲೇ ಹುಡುಗ ಎದ್ದು ಆಕೆಯನ್ನು ತಬ್ಬಿಕೊಳ್ಳುತ್ತಾನೆ. ಎರಡು ಪುಸ್ತಕದ ಹಿಂದೆ ಎಲ್ಲರ ಮೇಲೂ ಕೂಗಾಡಿದವನು ಇವನೇ.

ಹಾಗಾಗಿ ಕಸಿದಿಡಬೇಡಿ. ಅಡಿಕೆ ಸುಲಿತದ ಗಡಿಬಿಡಿ ಮುಗಿದ ಮೇಲೆ ನೀವೂ ಐದನೆಯದನ್ನು ಕೈಗೆತ್ತಿಕೊಳ್ಳಿ. ಪೂರ್ತಿ ಓದಲು ಪುರಸೊತ್ತಿಲ್ಲದಿದ್ದರೆ 28 ಮತ್ತು 29ನೇ ಅಧ್ಯಾಯ ಸಾಕು. ಆಮೇಲೆ ಜೇಮ್ಸ್ ಬಗ್ಗೆ ನಿನಗೇನು ಅನ್ನಿಸಿತು ಅಂತ ಮಗಳನ್ನು ಕೇಳಿ. ತಿರುಗಿ ಅವಳು ನಿಮ್ಮ 15ರ ಕತೆ ಕೇಳಿದರೆ, ಒಲೆ ಮೇಲೆ ಹಾಲಿದೆ ಅಂತ ಎದ್ದು ಹೋಗಬೇಡಿ.