'ಗೆಬೆಜೂಖ್ಟ್', 'ಗೆಷ್ಟುಡೀರ್ಟ್' ಏಕೆ ತಪ್ಪು?
ಈ ಎರಡು ರೂಪಗಳಿಗೆ ಅಂಕ ಹೋದದ್ದೇಕೆಂದು ಕೇಳಿದ್ದೀರಿ. ಜರ್ಮನ್ ಭೂತಕೃದಂತಕ್ಕೆ 'ಗೆ' ಎಲ್ಲೆಡೆಯೂ ಸೇರುತ್ತದೆಂದು ಭಾವಿಸಿದ್ದೇ ಬಹುಶಃ ಕಾರಣ. ಸಾಮಾನ್ಯವಾಗಿ ಕ್ರಿಯಾಪದದ ಮೊದಲ ಅಕ್ಷರದ ಮೇಲೆ ಒತ್ತು (ನಮ್ಮ ಒತ್ತಕ್ಷರವಲ್ಲ, ದನಿಯ ಬಲ) ಬಿದ್ದಾಗ ಮಾತ್ರ ಅದು ಸೇರುತ್ತದೆ.

ಮೊದಲು ಪದದ ಆರಂಭವನ್ನು ಪರೀಕ್ಷಿಸಿ. ಅಲ್ಲಿ ಬೆ, ಎಂಪ್, ಎಂಟ್, ಎರ್, ಗೆ, ಫೆರ್, ತ್ಸೆರ್ ಎಂಬ ಉಪಸರ್ಗವಿದ್ದರೆ ಒತ್ತು ಧಾತುವಿಗೆ ಸರಿಯುತ್ತದೆ, ಉಪಸರ್ಗವು ಧಾತುವಿನಿಂದ ಬೇರ್ಪಡುವುದೂ ಇಲ್ಲ. ಆದ್ದರಿಂದ 'ಬೆಜೂಖೆನ್' (ಭೇಟಿ ಕೊಡು) ಎಂಬುದರ ಕೃದಂತ ಬರಿಯ 'ಬೆಜೂಖ್ಟ್'. ಬಳಿಕ ಅಂತ್ಯವನ್ನು ನೋಡಿ: 'ಈರೆನ್' ಪ್ರತ್ಯಯವಿದ್ದರೆ ಒತ್ತನ್ನು ಅದೇ ಸೆಳೆದುಕೊಳ್ಳುವುದರಿಂದ 'ಷ್ಟುಡೀರೆನ್' (ವ್ಯಾಸಂಗ ಮಾಡು) 'ಷ್ಟುಡೀರ್ಟ್' ಆಗುತ್ತದೆ. ಆನ್, ಔಫ್, ಔಸ್, ಮಿಟ್ ಮುಂತಾದವು ಒತ್ತು ಪಡೆದು ಬೇರ್ಪಡುವ ಉಪಸರ್ಗಗಳಾದ್ದರಿಂದ 'ಗೆ' ನಡುವೆ ನುಗ್ಗುತ್ತದೆ: 'ಆನ್‌ಕೊಮೆನ್' (ತಲುಪು), 'ಆನ್‌ಗೆಕೊಮೆನ್'.

ಉಮ್, ಉಂಟರ್, ಊಬರ್, ಡುರ್ಖ್ ಎರಡೂ ಬಗೆಯಲ್ಲಿ ವರ್ತಿಸುತ್ತವೆ, ಎಚ್ಚರ ಬೇಕಾದದ್ದು ಇಲ್ಲಿಯೇ. 'ಉಮ್‌ಫಾರೆನ್' ಪದದಲ್ಲಿ 'ಉಮ್' ಮೇಲೆ ಒತ್ತಿದ್ದರೆ ವಾಹನ ಗುದ್ದಿ ಕೆಡಹುವುದು, ಕೃದಂತ 'ಉಮ್‌ಗೆಫಾರೆನ್'. 'ಫಾ' ಮೇಲೆ ಒತ್ತಿದ್ದರೆ ಸುತ್ತಿ ಬಳಸಿ ಹೋಗುವುದು, ಕೃದಂತ 'ಉಮ್‌ಫಾರೆನ್'. ಪಾದಚಾರಿಯ ಪಾಲಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಅರ್ಥವನ್ನು ಮಾತ್ರ ಉಪಸರ್ಗದಿಂದ ಸದಾ ಊಹಿಸಲಾಗದು. 'ತ್ಸೆರ್' ಬಹುಮಟ್ಟಿಗೆ ಒಡೆಯುವಿಕೆ, ಹರಿಯುವಿಕೆಗಳನ್ನು ಸೂಚಿಸುತ್ತದೆ. ಆದರೆ 'ಷ್ಟೇಯೆನ್' (ನಿಲ್ಲು) 'ಫೆರ್‌ಷ್ಟೇಯೆನ್' ಆದಾಗ 'ಅರ್ಥಮಾಡಿಕೊಳ್ಳು' ಎಂದಾಗುವುದು, ನಮ್ಮಲ್ಲಿ ಆಹಾರ, ವಿಹಾರ, ಸಂಹಾರಗಳು ಬೇರೆಬೇರೆಯಾದಂತೆ. ಅಂಥವನ್ನು ನಿಘಂಟಿನಲ್ಲಿ ನೋಡಿ, ಒತ್ತಿನ ಗುರುತಿನೊಡನೆಯೇ ಬರೆದುಕೊಳ್ಳಿ.