ಮೊದಲ ಮೂರು ಪ್ಯಾರಾ ತೆಗೆದುಬಿಡಿ

ನಮಸ್ಕಾರ.

ಮೊಲದ ಪ್ಲಾಸ್ಮಾಕ್ಕೆ ಬ್ಯಾಕ್ಟೀರಿಯಾ ಬೆರೆಸಿ, ಅದು ಹೆಪ್ಪುಗಟ್ಟುತ್ತದೆಯೇ ಎಂದು ನೋಡುವ ಕೊಆಗ್ಯುಲೇಸ್ ಪರೀಕ್ಷೆಯ ಬಗ್ಗೆ ನೀವು ಬರೆದ ‘ಮೊಲದ ರಕ್ತ ಹೇಳಿದ ಗುಟ್ಟು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬಿಟ್ಟುಕೊಡಲೂ ಮನಸ್ಸಿಲ್ಲ.

ಮೊದಲ ಮೂರು ಪ್ಯಾರಾದಲ್ಲಿ ವಿಜ್ಞಾನದ ಹೊಗಳಿಕೆ ಇದೆ, ನಿಮ್ಮ ಲ್ಯಾಬ್ ಇಲ್ಲ. ನಾಲ್ಕನೆಯದರಲ್ಲಿ ನೀವು 37 ಡಿಗ್ರಿಯ ಇನ್‌ಕ್ಯುಬೇಟರಿನಿಂದ ಟ್ಯೂಬ್ ತೆಗೆದು, ಅಲುಗಾಡಿಸದೆ ಮೆಲ್ಲಗೆ ಓರೆ ಮಾಡುತ್ತೀರಿ. ಒಳಗಿನ ಪ್ಲಾಸ್ಮಾ ಹರಿಯುವುದಿಲ್ಲ. ಕುಡಿಕೆಯ ಮೊಸರಿನ ಹಾಗೆ ನಿಂತುಬಿಟ್ಟಿದೆ. ಆ ಸಾಲನ್ನು ಪಕ್ಕದಲ್ಲಿದ್ದವರಿಗೂ ಓದಿ ಹೇಳಿದೆ. ಲೇಖನ ಶುರುವಾಗಬೇಕಾದದ್ದೇ ಅಲ್ಲಿಂದ, ಅಲ್ವಾ?

ಅದು ಹೆಪ್ಪುಗಟ್ಟಿದ್ದು ಯಾಕೆ ಅನ್ನುವುದನ್ನು ಒಂದೇ ಸಾಲಿನಲ್ಲಿ ದಾಟಿದ್ದೀರಿ. ಅಲ್ಲಿ ಸ್ವಲ್ಪ ನಿಲ್ಲಿ. ಮನುಷ್ಯರ ಕೀವುಗುಳ್ಳೆಗೂ ಹಸುವಿನ ಕೆಚ್ಚಲು ಬಾವಿಗೂ ಕಾರಣವಾಗುವ ಸ್ಟ್ಯಾಫಿಲೋಕಾಕಸ್ ಆರಿಯಸ್ ಬ್ಯಾಕ್ಟೀರಿಯಾ, ಕೊಆಗ್ಯುಲೇಸ್ ಎಂಬ ಪ್ರೋಟೀನನ್ನು ಬಿಡುತ್ತದೆ. ಅದು ಪ್ಲಾಸ್ಮಾದಲ್ಲಿರುವ ಪ್ರೋಥ್ರಾಂಬಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಆಗ ಕರಗಿಕೊಂಡಿದ್ದ ಫೈಬ್ರಿನೋಜನ್ ಎಳೆ ಎಳೆಯಾದ ಫೈಬ್ರಿನ್ ಆಗುತ್ತದೆ. ಚರ್ಮದ ಮೇಲೆ ಸಾಮಾನ್ಯವಾಗಿ ಸುಮ್ನೆ ಇರುವ ಅದರ ದಾಯಾದಿ ಎಪಿಡರ್ಮಿಡಿಸ್‌ಗೆ ಈ ಕೆಲಸ ಬರುವುದಿಲ್ಲ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎರಡೂ ದ್ರಾಕ್ಷಿ ಗೊಂಚಲೇ. ಈ ಟ್ಯೂಬ್ ಬೇಕಾಗುವುದು ಅದಕ್ಕೇ ಎಂದು ಬರೆಯಿರಿ.

ತಲೆಬರಹದ ‘ರಕ್ತ’ ತಪ್ಪು. ನೀವು ಬಳಸಿದ್ದು ರಕ್ತಕಣ ತೆಗೆದ ಮೇಲೆ ಉಳಿಯುವ ತಿಳಿ ಹಳದಿ ಪ್ಲಾಸ್ಮಾ. ಅದು ಮೊದಲೇ ಹೆಪ್ಪುಗಟ್ಟದಿರಲಿ ಎಂದು ಇಡಿಟಿಎ ಎಂಬ ರಾಸಾಯನಿಕ ಸೇರಿಸಿರುತ್ತಾರೆ. ಅದರ ಬದಲು ಸಿಟ್ರೇಟ್ ಸೇರಿಸಿದ್ದರೆ, ಅದನ್ನೇ ತಿಂದು ಬದುಕುವ ಬೇರೆ ಬ್ಯಾಕ್ಟೀರಿಯಾದಿಂದಲೂ ಹೆಪ್ಪುಗಟ್ಟಿ ನಾವು ಮೋಸ ಹೋಗಬಹುದು.

ಇದಕ್ಕಿಂತ ದೊಡ್ಡ ತಪ್ಪು, ‘ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ನೋಡಿದರೆ ಸಾಕು’ ಎಂದಿರುವುದು. ಸಾಲದು. ಆರಿಯಸ್‌ನ ಕೆಲವು ತಳಿಗಳು ಸ್ಟ್ಯಾಫಿಲೋಕೈನೇಸ್ ಎಂಬ ಇನ್ನೊಂದು ಪ್ರೋಟೀನನ್ನು ಬಿಟ್ಟು, ತಾವೇ ಕಟ್ಟಿದ ಹೆಪ್ಪನ್ನು ಕರಗಿಸಿಬಿಡುತ್ತವೆ. ಬೆಳಿಗ್ಗೆ ನೋಡಿದವರು ‘ನೆಗೆಟಿವ್’, ಅಂದರೆ ಆರಿಯಸ್ ಅಲ್ಲ, ಎಂದು ಬರೆಯುತ್ತಾರೆ. ಡಾಕ್ಟರು ಆ ರಿಪೋರ್ಟನ್ನೇ ನಂಬುತ್ತಾರೆ. ಮೊದಲ 4 ಗಂಟೆ ಆಗಾಗ ಓರೆ ಮಾಡಿ ನೋಡಬೇಕು. ಆಗಲೂ ಹೆಪ್ಪುಗಟ್ಟದಿದ್ದರೆ 24 ಗಂಟೆಗೆ ಬಿಟ್ಟು ಮತ್ತೆ ನೋಡಬೇಕು. ನಿಮ್ಮ ಲೇಖನ ಓದಿ ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ರಾತ್ರಿ ಟ್ಯೂಬ್ ಇಟ್ಟು ಮನೆಗೆ ಹೋಗಿಬಿಟ್ಟರೆ? ಈ ಸಾಲು ತಿದ್ದದೆ ನಾನು ಲೇಖನ ಮುಟ್ಟುವುದಿಲ್ಲ.

ಹದಿನೈದು ದಿನದೊಳಗೆ ತಿದ್ದಿ ಕಳಿಸಿ. ಓರೆ ಮಾಡಿದ ಟ್ಯೂಬಿನ ಫೋಟೋ ಇದ್ದರೆ ಜೊತೆಗಿರಲಿ.